ಇಬ್ಬರಿಗಾಗುವಷ್ಟು ನೀರು

ನನ್ನನ್ನು ಬಿಟ್ಟು ಹೋದದ್ದಕ್ಕಿಂತ, ನಾನು ಬರೆದಿಟ್ಟ ಪುಸ್ತಕ ನೋಡಿಕೊಂಡೇ ಬಿಟ್ಟು ಹೋದನಲ್ಲ, ಅದಕ್ಕೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕೊಳ್ಳೇಗಾಲದಿಂದ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ನಾನು ಇಪ್ಪತ್ತೆರಡು ವರ್ಷ ಕಂಡಕ್ಟರ್ ಆಗಿದ್ದೆ. ಅಷ್ಟೂ ವರ್ಷ ಸ್ಟೇರಿಂಗ್ ಹಿಡಿದವನು ಹೊನ್ನೂರಿನ ಜಡೇಸ್ವಾಮಿ. ಶಿವರಾತ್ರಿ ಬಂತೆಂದರೆ ರಸ್ತೆ ತುಂಬ ಬೆಟ್ಟಕ್ಕೆ ನಡೆದು ಹೋಗುವವರು. ಅವರಿಗೆ ಹಾರ್ನ್ ಹೊಡೆದು ಪಕ್ಕಕ್ಕೆ ಸರಿಸುವುದರಲ್ಲೇ ನಮ್ಮ ಸರ್ವೀಸ್ ಮುಗಿಯಿತು. “ರಿಟೈರ್ ಆಗ್ಲಿ ಗೋವಿಂದಯ್ಯ, ನಾವೂ ನಡ್ಕಂಡೇ ಓಗಮ” ಎಂದು ವರ್ಷ ವರ್ಷವೂ ಹೇಳುತ್ತಿದ್ದವನು ಅವನೇ, ನಾನಲ್ಲ.

ರಿಟೈರ್ ಆದ ವರ್ಷವೇ ನನ್ನ ಎದೆಗೆ ಸ್ಟೆಂಟ್ ಬಿತ್ತು. ನಡೆಯಬಹುದು, ಆದರೆ ನಿಧಾನವಾಗಿ, ಬಿಸಿಲು ಏರುವ ಮೊದಲು, ನೀರು ಕುಡಿಯುತ್ತಾ ನಡೆಯಬೇಕು ಎಂದರು ಡಾಕ್ಟರು. ಈ ಸಲ ಆಗದಿದ್ದರೆ ಇನ್ನು ಆಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಜಡೇಸ್ವಾಮಿಗೂ ಬಾಯಿಬಿಟ್ಟು ಹೇಳಿದ್ದೆ.

ಜಾತ್ರೆಯ ಜನಜಂಗುಳಿಯಲ್ಲಿ ನನ್ನ ಕೈಲಾಗದು ಎಂದು ಶಿವರಾತ್ರಿ ಕಳೆದ ಮೇಲೆ ದಿನ ಇಟ್ಟೆವು. ಜಾತ್ರೆ ಮುಗಿದರೆ ಅರವಟ್ಟಿಗೆಗಳೂ ಮುಗಿದವು, ಮಜ್ಜಿಗೆ ಕೊಡುವವರೂ ಇಲ್ಲ. ಹನೂರು ದಾಟಿದರೆ ಎಲೆ ಉದುರಿದ ಕಾಡು, ಹಳ್ಳದಲ್ಲಿ ಬರೀ ಮರಳು. ಅದಕ್ಕೆಂದೇ ಎರಡು ಭಾನುವಾರ ಬಸ್ಸಿನಲ್ಲಿ ಹೋಗಿ, ಅಲ್ಲಲ್ಲಿ ಇಳಿದು, ಒಂದೊಂದು ಕೈಪಂಪನ್ನೂ ನಾನೇ ಒತ್ತಿ ನೋಡಿದೆ. ಯಾವುದರಲ್ಲಿ ನೀರು ಬರುತ್ತದೆ, ಯಾವುದರಲ್ಲಿ ಬರೀ ಕೀರಲು ಸದ್ದು, ಯಾವ ಟೀ ಅಂಗಡಿ ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತದೆ, ಎಲ್ಲವನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದೆ. ಮೊದಲ ರಾತ್ರಿ ಹನೂರು, ಎರಡನೆಯ ರಾತ್ರಿ ಕೌದಳ್ಳಿ, ಮೂರನೆಯ ದಿನ ತಾಳಬೆಟ್ಟದ ಬುಡದಿಂದ ಹತ್ತುವುದು. ತಲೆಗೆ ನಾಲ್ಕು ಲೀಟರ್ ನೀರು.

“ಬೆಟ್ಟಕ್ಕೆ ಓಯ್ತಿದೀವಾ, ಬಾವಿ ಒತ್ಕಂಡು ಓಯ್ತಿದೀವಾ?” ಎಂದು ನಕ್ಕ ಜಡೇಸ್ವಾಮಿ. ನಕ್ಕರೂ ಪುಸ್ತಕದ ಒಂದೊಂದು ಹಾಳೆಯ ಫೋಟೋವನ್ನೂ ಮೊಬೈಲಿನಲ್ಲಿ ತೆಗೆದುಕೊಂಡ. ನನ್ನ ಕೆಲಸಕ್ಕೆ ಬೆಲೆ ಕೊಟ್ಟನಲ್ಲ ಎಂದು ನಾನು ಹಿರಿಹಿರಿ ಹಿಗ್ಗಿದೆ.

ಕಾಲಿಗೆ ಅಭ್ಯಾಸವಾಗಲೆಂದು ನಾಲ್ಕು ವಾರ ಕೊಳ್ಳೇಗಾಲದಿಂದ ಯಳಂದೂರಿಗೆ ನಡೆದೆವು. ಅವನು ಇಪ್ಪತ್ತು ಮಾರು ಮುಂದೆ ಹೋಗಿ ನಿಲ್ಲುವನು, ನಾನು ಬಂದು ಸೇರಿದ ಕೂಡಲೇ ಮುಖ ನೋಡುವನು. ಅದನ್ನು ಪ್ರೀತಿ ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಐದಕ್ಕೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಸೇರುವುದೆಂದು ಮಾತಾಗಿತ್ತು. ಚೀಲ ಹೊತ್ತು ನಿಂತೆ. ಐದಾಯಿತು, ಆರಾಯಿತು. ಅವನ ಫೋನು ಸ್ವಿಚ್ ಆಫ್. ರಾತ್ರಿ ಏನಾದರೂ ಆಗಿರಬಹುದೇ ಎಂದು ನನ್ನ ಜೀವ ಬಾಯಿಗೆ ಬಂದಿತ್ತು. ಹೊನ್ನೂರಿಗೆ ಆಟೋ ಮಾಡಿಸಲು ಹೊರಟಾಗ ಬೆಟ್ಟದ ಬಸ್ಸಿನ ಕಂಡಕ್ಟರ್ ನಿಂಗರಾಜು ಎದುರಾದ.

“ಇದೇನ್ಸಾ, ನೀವಿನ್ನೂ ಇಲ್ಲೇ ಇದೀರಿ? ಜಡೇಸ್ವಾಮಣ್ಣ ನಿನ್ನೆ ಬೆಳಿಗ್ಗೇನೇ ಅನೂರು ದಾಟಿದ್ರಲ್ಲ. ತಲೆಗೆ ಟವಲ್ ಸುತ್ಕಂಡು ನಡೀತಿದ್ರು. ನೀವು ಎಲ್ಲೋ ಇಂದೆ ಬತ್ತಾ ಇದೀರಿ ಅನ್ಕಂಡೆ.”

ಅವನ ಬಸ್ಸನ್ನೇ ಹತ್ತಿ ಕೂತೆ.

ನಿನ್ನೆ ಹನೂರು ಬಿಟ್ಟಿದ್ದರೆ ರಾತ್ರಿ ಮಲಗಿದ್ದು ಕೌದಳ್ಳಿ. ಹಾಗಾದರೆ ಒಂಬತ್ತೂವರೆಗೆ ತಾಳಬೆಟ್ಟಕ್ಕೆ ಮುಂಚಿನ ಕೈಪಂಪಿನ ಹತ್ತಿರ ಇರುತ್ತಾನೆ. ಬರೆದವನು ನಾನೇ, ನನಗೆ ಗೊತ್ತಿರುವುದಿಲ್ಲವೇ? ಕೌದಳ್ಳಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಕಿಟಕಿಯಿಂದ ಅವನ ಬೆನ್ನು ಕಂಡಿತು. ನಿಂಗರಾಜು ಬಸ್ ನಿಲ್ಲಿಸಲೇ ಎಂಬಂತೆ ನೋಡಿದ. ಬೇಡ ಎಂದು ತಲೆಯಾಡಿಸಿ, ಮುಂದೆ ಕೈಪಂಪಿನ ಬಳಿ ಇಳಿದು ಕಲ್ಲಿನ ಮೇಲೆ ಕೂತೆ.

ಒಂಬತ್ತೂವರೆಗೆ ಐದು ನಿಮಿಷ ಇರುವಾಗ ಬಂದ. ನನ್ನನ್ನು ಕಂಡವನೇ ನಡುರಸ್ತೆಯಲ್ಲಿ ನಿಂತುಬಿಟ್ಟ.

“ಬಾ ಬಾ. ಕುಡಿ. ಇದರಲ್ಲಿ ಚೆಂದಾಗಿ ನೀರು ಬತ್ತದೆ, ನಾನೇ ನೋಡಿವ್ನಿ,” ಎಂದೆ.

ಚೀಲ ಇಳಿಸಿದ, ನೀರು ಮುಟ್ಟಲಿಲ್ಲ. “ಬೈಬ್ಯಾಡ ಕಣಯ್ಯ. ನಿನ್ನ ಎಂಡ್ರು ಬಂದು ಕೈ ಮುಗುದ್ರು. ಅವ್ರನ್ನ ಕರ್ಕಂಡು ಓಗ್ಬ್ಯಾಡಿ, ದಾರೀಲಿ ಎಚ್ಚುಕಮ್ಮಿ ಆದ್ರೆ ಏನ್ ಗತಿ ಅಂದ್ರು. ನಿನ್ಗೆ ಎಂಗೆ ಏಳದು? ಅದ್ಕೇ ಮೊದ್ಲೇ ಒಂಟೋದೆ.”

ನನ್ನ ಕೋಪ ಅರ್ಧ ಇಳಿದೇ ಹೋಯಿತು. ನನ್ನ ಹೆಂಡತಿ ಚಿಕ್ಕಬಸಮ್ಮ ಹಾಗೆ ಮಾಡಿದ್ದರೂ ಮಾಡಿರಬಹುದು. ಬೈಯಬೇಕೆಂದೇ ಅವಳಿಗೆ ಫೋನ್ ಮಾಡಿದೆ, ಇವನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

“ನಾನ್ಯಾಕೆ ಬ್ಯಾಡ ಅನ್ನನ?” ಎಂದಳು ಚಿಕ್ಕಬಸಮ್ಮ. “ಅವ್ರು ಜೊತೇಲಿ ಅವ್ರೆ ಅನ್ನೋ ಧೈರ್ಯಕ್ಕೇ ಅಲ್ವಾ ನಿಮ್ಮುನ್ನ ಕಳ್ಸಿದ್ದು? ನಾಲ್ಗೆ ಕೆಳಗೆ ಮಡಗೋ ಮಾತ್ರೇನೂ ಓದ್ವಾರ ಅವ್ರ ಕೈಲೇ ಕೊಟ್ಟಿವ್ನಿ. ಇಬ್ರೂ ಜೊತೇಲೇ ಇದೀರಿ ತಾನೇ?”

“ಇದೀವಿ,” ಎಂದು ಫೋನ್ ಇಟ್ಟೆ.

ಜಡೇಸ್ವಾಮಿ ತಲೆ ತಗ್ಗಿಸಿದ್ದ. ತನ್ನ ತಪ್ಪಿಗೆ ನನ್ನ ಹೆಂಡತಿಯನ್ನು ಅಡ್ಡ ಇಟ್ಟನಲ್ಲ, ಎದ್ದು ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

“ಅವ್ಳ ಮೇಲೆ ಯಾಕ್ಲಾ ಆಕ್ದೆ?” ಎಂದೆ. “ನಿಧಾನ ಆಯ್ತದೆ, ನೀನು ಬ್ಯಾಡ ಅಂದಿದ್ರೆ ನಾನೇ ಮನೇಲಿ ಕೂರ್ತಿದ್ನಲ್ಲ.”

“ನಿಧಾನದ ಮಾತಲ್ಲ.” ಅವನು ಬೆಟ್ಟದ ರಸ್ತೆಯ ಕಡೆ ನೋಡಿದ. “ಮೊದ್ಲು ಜೊತೇಲಿ ಓಗ್ಬೇಕು ಅಂತ್ಲೇ ಇತ್ತು. ಯಳಂದೂರಿಗೆ ನಡಿಯೋವಾಗ ಪ್ರತಿ ಸಲ ತಿರುಗಿ ನಿನ್ನ ಮುಖ ನೋಡ್ತಿದ್ದೆ, ಸರಿಯಾಗವ್ನಾ ಇಲ್ವಾ ಅಂತ. ಆಮೇಲೆ ನಿನ್ನ ಎಂಡ್ರು ಮಾತ್ರೆ ಕೊಟ್ರು. ಈ ತಿರುವುಗಳಲ್ಲಿ ಅಷ್ಟು ವರ್ಷ ಅರವತ್ತು ಜನರ ಜೀವ ಕೈಲಿ ಇಡ್ಕಂಡು ಓಡ್ಸಿವ್ನಿ ಗೋವಿಂದಯ್ಯ. ಒಂದಿನಾನೂ ಈ ಕಾಡ ಕಣ್ಣೆತ್ತಿ ನೋಡ್ನಿಲ್ಲ. ಒಂದೇ ಒಂದ್ಸಲ, ಯಾರ ಜೀವಾನೂ ಕೈಲಿಲ್ದೆ ಈ ಬೆಟ್ಟ ಅತ್ತಬೇಕು ಅನ್ನಿಸ್ಬುಡ್ತು.”

ಈ ಮಾತನ್ನು ಅವನು ಮೊದಲೇ ಹೇಳಿದ್ದರೆ? ಗೊತ್ತಿಲ್ಲ. ಆಗಲೂ ನೋವಾಗುತ್ತಿತ್ತು. ಅಷ್ಟು ವರ್ಷ ಒಂದೇ ಡಬ್ಬಿಯ ಊಟ ಹಂಚಿಕೊಂಡು, ನಾವಿಬ್ಬರೂ ಸೇರಿ ಆ ಬಸ್ಸು ನಡೆಸಿದೆವು ಎಂದುಕೊಂಡಿದ್ದೆ. ಅವನ ಲೆಕ್ಕದಲ್ಲಿ ನಾನೂ ಹಿಂದೆ ಕೂತ ಪ್ಯಾಸೆಂಜರ್.

ಅವನು ಅಂಗಿ ಜೇಬಿನಿಂದ ಮಾತ್ರೆಯ ಪೊಟ್ಟಣ ತೆಗೆದ. ಬೆವರಿಗೆ ಒದ್ದೆಯಾಗಿತ್ತು. “ಇಲ್ಲಿಂದ ಜೊತೇಲೇ ಅತ್ತಮ ಬಾ. ನಿಧಾನವಾಗೇ ಓಗಮ,” ಎಂದ. ಬಾಯಿ ಕರೆಯುತ್ತಿತ್ತು, ಕಣ್ಣು ಆಗಲೇ ನನ್ನ ಎದೆಯ ಮೇಲೆ, ಉಸಿರಿನ ಮೇಲೆ ಇತ್ತು.

ಅವನ ಕೈಯಿಂದ ಪೊಟ್ಟಣ ತೆಗೆದು ನನ್ನ ಜೇಬಿಗೆ ಹಾಕಿಕೊಂಡೆ. “ನೀನು ಓಗು. ನಾನು ಬಸ್ಸಿಗೆ ಓಯ್ತೀನಿ,” ಎಂದೆ.

ಇನ್ನೊಂದು ಸಲ ಕರೆಯುತ್ತಾನೆ ಎಂದುಕೊಂಡೆ. ಕರೆಯಲಿಲ್ಲ. ಚೀಲ ಹೆಗಲಿಗೇರಿಸಿ ಹೊರಟ. ತಿರುವಿನವರೆಗೂ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಎಡಕ್ಕೆ ಬಲಕ್ಕೆ ಕಾಡು ನೋಡುತ್ತಾ, ಎರಡೂ ಕೈ ಬೀಸುತ್ತಾ ನಡೆದ. ಅವನು ಅಷ್ಟು ಹಗುರಾಗಿ ನಡೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.