ಬಾಲ ಹಿಡಿಯುವವರು

"ಆ ಕಡೆಯಿಂದ ಇನ್ನೊಸಿ ಎತ್ತಪ್ಪ, ಇಲ್ಲಿ ಬಾಗ್ಲಿಗೆ ಸಿಗಾಕತ್ತದೆ," ಎಂದು ಗುರುಮಲ್ಲಪ್ಪ ಹೇಳುವಷ್ಟರಲ್ಲಿ ಮೇಜಿನ ಕಾಲು ಗೋಡೆಗೆ ಬಡಿದು ಸುಣ್ಣ ಉದುರಿತು. ಬೆಳಗ್ಗೆ ತೀರಿಕೊಂಡ ಅವನ ಅಣ್ಣ ದೊಡ್ಡಸಿದ್ದಯ್ಯನನ್ನು ನಡುಮನೆಯಲ್ಲಿ ಕೂರಿಸಿ ವಿಭೂತಿ ಹಚ್ಚಬೇಕಿತ್ತು. ಅಲ್ಲಿ ನೋಡಿದರೆ ಎರಡು ಮಂಚದಷ್ಟು ಉದ್ದದ ಈ ಮೇಜು.

"ಒಂದ್ ದಿನಾನೂ ಇದ್ಕೆ ಕೆಲ್ಸ ಕೊಡ್ನಿಲ್ಲ ನಮ್ಮಣ್ಣ."

"ಎಲ್ಲಿಂದ ಕೊಟ್ಟಾರು?" ಎಂದಳು ಸಿದ್ದಲಿಂಗಮ್ಮ. ಗಂಡ ಸತ್ತಿದ್ದರೂ ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬರುತ್ತಿತ್ತು. "ಯಾವ್ ವಿಮಾನ ಅಂತ ಆರ್ಸದ್ರಲ್ಲೇ ಏಳ್ ವರ್ಸ ಕಳುದ್ರು. ತರ್ಸದು ಯಾವಾಗ, ಕಟ್ಟದು ಯಾವಾಗ?"

*

ದೊಡ್ಡಸಿದ್ದಯ್ಯ ನಂಜನಗೂಡು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಊರಿನವರ ಬಸ್ಸನ್ನೆಲ್ಲ ಹೊತ್ತಿಗೆ ಸರಿಯಾಗಿ ಹೊರಡಿಸಿದ ಈ ಮಹಾನುಭಾವ, ನಿವೃತ್ತಿಯಾಗಿ ಮೂಗೂರಿಗೆ ಬಂದ ಮೇಲೆ ತನ್ನದೊಂದು ರಿಮೋಟ್ ವಿಮಾನ ಹೊರಡಿಸಲಾರದೆ ಹೋದ. ಅದೇನು ಮಕ್ಕಳ ಆಟಿಕೆಯಲ್ಲ, ರೆಕ್ಕೆಯೇ ಎಂಟು ಅಡಿ. ಹಗುರ ಮರದ ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಬರುತ್ತವೆ, ಮನೆಯಲ್ಲಿ ಕೂತು ಅಂಟಿಸಿ ಕಟ್ಟಬೇಕು. ಅದಕ್ಕೆಂದೇ ಆ ಉದ್ದದ ಮೇಜು ಮಾಡಿಸಿಟ್ಟಿದ್ದ. ಯಾವ ಪೆಟ್ಟಿಗೆ ತರಿಸುವುದು ಎನ್ನುವುದೇ ಪಂಚಾಯ್ತಿ.

ಸಿದ್ದಲಿಂಗಮ್ಮ ಸಾರಿಗೆ ಒಗ್ಗರಣೆ ಹಾಕುವಾಗಲೇ ಮೊಬೈಲ್ ಮುಖಕ್ಕೆ ಹಿಡಿಯುತ್ತಿದ್ದ. "ಇದು ಪೆಟ್ರೋಲಿಂದು, ಸದ್ದು ಚೆಂದಾಗದೆ. ಇದು ಬ್ಯಾಟ್ರೀದು, ರಗಳೆ ಇಲ್ಲ. ರೆಕ್ಕೆ ಮೇಲಿದ್ರೆ ಸಾಧು, ಕೆಳಗಿದ್ರೆ ಚುರುಕು. ಏನಂತೀಯ ಸಿದ್ದಿ?"

"ಯಾವ್ದಾರ ಒಂದ್ ತರ್ಸಿ."

"ಅಂಗಂದ್ರೆ ಎಂಗೆ?"

ಹಾರಿಸಲು ಜಾಗವಿಲ್ಲ ಎಂದು ಒಂದು ವರ್ಷ ಗೊಣಗಿದ. ಕಬ್ಬು ಹಾಕುವ ಹೊಲದಲ್ಲಿ ಉದ್ದಕ್ಕೆ ಒಂದು ಪಟ್ಟಿ ಬಿಡಿಸಿ, ಅವಳೇ ನಿಂತು ನೆಲ ಸಮ ಮಾಡಿಸಿದಳು. ಅಲ್ಲಿ ಊರ ಹುಡುಗರು ಕ್ರಿಕೆಟ್ ಆಡಿಕೊಂಡರು. ಇವನು ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಇನ್ನೊಂದು ವಿಮಾನ ನೋಡುತ್ತಿದ್ದ.

*

ಮಧ್ಯಾಹ್ನ ನಂಜನಗೂಡಿನಿಂದ ನಾಗೇಂದ್ರ ಹಾರ ತಂದ. ಬಿಡುವಿದ್ದಾಗ ಇಂಥ ವಿಮಾನ ಹಾರಿಸುವವನು, ದೊಡ್ಡಸಿದ್ದಯ್ಯನಿಗೆ ಈ ಹುಚ್ಚು ಹಿಡಿಸಿದವನೂ ಅವನೇ. ಸಿದ್ದಲಿಂಗಮ್ಮ ಅವನನ್ನು ಕೂರಲೂ ಬಿಡಲಿಲ್ಲ.

"ನೀನಾರ ಯಾವ್ದು ಅಂತ ಒಂದ್ ಆರ್ಸಿ ಕೊಡ್ಬಾರ್ದಿತ್ತಾ ನಾಗೇಂದ್ರ? ಆಸೆ ಇಟ್ಕಂಡೇ ಓದ್ರಲ್ಲಪ್ಪ."

ನಾಗೇಂದ್ರ ಕಕ್ಕಾಬಿಕ್ಕಿಯಾದ. "ಆರ್ಸಿ ಆಗಿತ್ತಲ್ಲಕ್ಕ. ಹಳದಿ ಬಣ್ಣದ್ದು, ಪೆಟ್ರೋಲಿಂದು. ಎಷ್ಟೋ ವರ್ಸ ಆಯ್ತು."

"ಮತ್ ಯಾಕ್ ತರುಸ್ನಿಲ್ಲ?"

"ಅಷ್ಟ್ ದೊಡ್ಡದು ಒಬ್ರ ಕೈಲಿ ಆಗಲ್ಲಕ್ಕ. ಇಂಜಿನ್ ಶುರು ಮಾಡುವಾಗ ಇನ್ನೊಬ್ರು ಹಿಂದೆ ಕುಕ್ಕರುಗಾಲಲ್ಲಿ ಕೂತು ಬಾಲ ಹಿಡ್ಕಬೇಕು. ಇಲ್ದಿದ್ರೆ ನುಗ್ಬುಡ್ತದೆ. ನಾನ್ ಬತ್ತೀನಿ ಅಂದೆ. ಬ್ಯಾಡ ಕಣೋ, ಹಿಡಿದ್ರೆ ಸಿದ್ದೀನೇ ಹಿಡೀಬೇಕು ಅಂದ್ರು. ನಿಮ್ಗೆ ಮಂಡಿ ನೋವಲ್ವಾ. ಅದು ವಾಸಿಯಾಗೋಗಂಟ ಆರಿಸ್ತಾ ಇದ್ದಂಗೆ ಇರ್ತೀನಿ, ಅವಳಿಗೆ ಹೇಳ್ಬೇಡ, ಬೇಜಾರ್ ಮಾಡ್ಕತಾಳೆ ಅಂದ್ರು."

ಸಿದ್ದಲಿಂಗಮ್ಮ ಗಂಡನ ಕಡೆ ತಿರುಗಿದಳು. ವಿಭೂತಿ ಹಚ್ಚಿಸಿಕೊಂಡು, ತನಗೇನೂ ಗೊತ್ತಿಲ್ಲದವನ ಹಾಗೆ ಕೂತಿದ್ದ.

"ಬಾಯ್ಬುಟ್ಟು ಒಂದ್ ಮಾತ್ ಕೇಳಕ್ಕೆ ಏನಾಗಿತ್ತು ನಿಮ್ಗೆ?" ಎಂದಳು. "ಕುಕ್ಕರುಗಾಲಲ್ಲಿ ಆಗ್ದಿದ್ರೆ ಸ್ಟೂಲ್ ಆಕ್ಕಂಡು ಕುಂತ್ಕತಿದ್ದೆ." ಆಗ ಅವಳಿಗೆ ಅಳು ಬಂತು. ಸಿಟ್ಟು ಹೋಗಲಿಲ್ಲ, ಎರಡೂ ಒಟ್ಟಿಗೇ ಬಂದವು.

ಸಂಜೆ ಹೂವು ಕಟ್ಟಿದ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಹೆಣ ಕೂರಿಸಿದರು. ಗುಂಡಿ ಬಿದ್ದ ರಸ್ತೆ. ಎಷ್ಟು ಬಿಗಿದರೂ ಮೈ ಮುಂದಕ್ಕೆ ಜಾರುತ್ತಿತ್ತು. ಯಾರಾದರೂ ಗಂಡಸರು ಹತ್ತಿ ಹಿಂದಿನಿಂದ ಹಿಡಿದುಕೊಳ್ಳಿ ಎಂದು ಗುರುಮಲ್ಲಪ್ಪ ಕೂಗಿದ.

"ನಾನ್ ಇಡ್ಕತೀನಿ."

"ಅತ್ತಿಗೆ, ನೀವ್ಯಾಕೆ? ನಿಮ್ ಮಂಡಿ..."

"ಮಂಡಿ ಮಾತ್ ಎತ್ಬ್ಯಾಡ. ಕೈ ಕೊಡು, ಅತ್ಸು."

ನಾಗೇಂದ್ರನೂ ಗುರುಮಲ್ಲಪ್ಪನೂ ಸೇರಿ ಅವಳನ್ನು ಮೇಲೆ ಹತ್ತಿಸಿದರು. ಅವಳು ಹಲ್ಲು ಕಚ್ಚಿ, ಗಂಡನ ಬೆನ್ನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು, ಎರಡೂ ಕೈಯಿಂದ ಅವನ ಸೊಂಟ ಹಿಡಿದಳು. ಇಂಜಿನ್ ಶುರುವಾಗಿ ಟ್ರೈಲರ್ ಗಡಗಡ ನಡುಗಿತು. ಡ್ರೈವರ್ ತಿರುಗಿ ನೋಡಿದ.

"ಇಡ್ಕಂಡಿವ್ನಿ," ಎಂದಳು ಸಿದ್ದಲಿಂಗಮ್ಮ. "ಬುಡಪ್ಪ."