ಕೆಂಪು ಚುಕ್ಕೆಯ ಸ್ಪ್ರಿಂಗು

ಸ್ಕ್ರೂಡ್ರೈವರಿಗೂ ಮೂರು ಗೆರೆ ವಿಭೂತಿ, ಹಳದಿ ಹಿಡಿಕೆಯ ಮೇಲೆ ಲಕ್ಷಣವಾಗಿ ಕೂತಿದೆ, ನಡುವೆ ಕುಂಕುಮದ ಬೊಟ್ಟು, ಪಕ್ಕದಲ್ಲಿ ಸ್ಪ್ಯಾನರು, ಸುತ್ತಿಗೆ, ನಾನು ಅಳತೆಗೆ ಹಿಡಿಯುವ ವರ್ನಿಯರು, ಎಲ್ಲ ಮದುವೆ ಪಂಕ್ತಿಗೆ ಕೂತವರ ಹಾಗೆ ಬಿಳಿ ಪಂಚೆಯ ಮೇಲೆ ಸಾಲಾಗಿ, ಕೈ ಚಾಚಿದರೆ ಒಂದೇ ಗೇಣು — ಚಾಚುವ ಹಾಗಿಲ್ಲ, ಕರಿಬಸಪ್ಪನವರು ಗಂಟೆ ಹಿಡಿದು ಅಲ್ಲೇ ನಿಂತಿದ್ದಾರೆ, ನಮ್ಮ ಸ್ಪ್ರಿಂಗ್ ಶೆಡ್ಡಿನ ಫೋರ್ಮನ್, ಇವತ್ತು ಅವರ ಕೊನೆಯ ದಿನ, ನಿವೃತ್ತಿಗೆ ಆಯುಧಪೂಜೆಯ ದಿನವನ್ನು ತಾವೇ ಆರಿಸಿಕೊಂಡ ಮಹಾನುಭಾವರು. ಸಾರ್, ಒಂದೇ ನಿಮಿಷ, ಎರಡು ಸುತ್ತು ತಿರುಗಿಸಿ ವಾಪಸ್ ಇಟ್ಬಿಡ್ತೀನಿ, ಅಂದೆ. ಪೂಜಿ ಆಗೇತಿ ಶಾಂಭವಿ, ನಾಳೆ ತನಕ ಯಾರೂ ಮುಟ್ಟಂಗಿಲ್ಲ, ಅಂದರು, ಗಂಟೆ ಅಲ್ಲಾಡಿಸಿದರು, ಮುಗಿಯಿತು. ಇವರನ್ನು ಕಳಿಸಿಕೊಡುವುದಕ್ಕೇ ನಾನು ಹನ್ನೆರಡು ಗಂಟೆಗೆ ಗಿಟಾರು ನುಡಿಸಬೇಕು, ಆ ಗಿಟಾರಿಗೇ ಸ್ಕ್ರೂಡ್ರೈವರು ಬೇಕು, ಇವರೇ ಕೊಡುವುದಿಲ್ಲ. ಪಕ್ಕದ ಯೂನಿಟ್ಟಿನಲ್ಲಿ ಕೇಳೋಣವೆಂದರೆ ಅಲ್ಲೂ ಬೂದುಗುಂಬಳ ಒಡೆದ ಸದ್ದು ಈಗ ತಾನೇ ಬಂತು, ಇಡೀ ಪೀಣ್ಯದಲ್ಲಿ ಇವತ್ತು ವಿಭೂತಿ ಕುಂಕುಮವಿಲ್ಲದ ಸ್ಕ್ರೂಡ್ರೈವರು ಸಿಗಲಿಕ್ಕಿಲ್ಲ, ಜಾಲಹಳ್ಳಿಯ ನಮ್ಮ ಮನೆಯಲ್ಲಿರುವ ಒಂದೇ ಒಂದನ್ನೂ ವೀರೇಶ್ ಬೆಳಿಗ್ಗೆಯೇ ಸ್ಕೂಟರಿನ ಜೊತೆ ಪೂಜೆ ಮಾಡಿ ಕೈಮುಗಿದಿದ್ದಾರೆ, ಗಂಡ ಎಂದಾದರೂ ಕೆಲಸ ಬೇಗ ಮುಗಿಸುತ್ತಾನೆಂದರೆ ಅದು ಬೇಡದ ದಿನವೇ. ಬಳೆಯ ಪಿನ್ನಿನಲ್ಲಿ ನೋಡಿದೆ, ನಾಣ್ಯದಲ್ಲಿ ನೋಡಿದೆ, ಗಿಟಾರಿನ ಬೆನ್ನಿನದು ಪ್ಲಸ್ ತಲೆಯ ಸ್ಕ್ರೂ, ಜಗ್ಗಲಿಲ್ಲ.

ತಪ್ಪು ನನ್ನದೇ, ಹಳೆಯ ತಂತಿಗಳು ಚೆನ್ನಾಗಿಯೇ ಇದ್ದವು, ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ ನಿನ್ನೆ ಹೊಸ ತಂತಿ ಕಟ್ಟಿದೆ, ಅಂಗಡಿಯಲ್ಲಿ ಇದ್ದದ್ದು ದಪ್ಪನೆಯವು ಮಾತ್ರ, ಇರಲಿ ಗುರು ನಾದ ಜೋರಾಗಿ ಬರುತ್ತೆ ಎಂದು ನನಗೆ ನಾನೇ ಹೇಳಿಕೊಂಡೆ. ಈ ಗಿಟಾರಿನ ಬ್ರಿಜ್ಜು, ಎಂದರೆ ತಂತಿಗಳ ಬುಡ ಕಟ್ಟುವ ಪಟ್ಟಿ, ಎಲ್ಲಾ ಗಿಟಾರಿನ ಹಾಗೆ ಅಂಟಿ ಕೂತದ್ದಲ್ಲ, ತಕ್ಕಡಿ, ಮುಂದಿನಿಂದ ಆರು ತಂತಿ ಎಳೆಯುತ್ತವೆ, ಬೆನ್ನಿನ ಗೂಡಿನೊಳಗಿಂದ ಮೂರು ಸ್ಪ್ರಿಂಗು ಎಳೆಯುತ್ತವೆ, ಅವನ್ನು ಬಿಗಿಮಾಡುವುದೇ ಆ ಪ್ಲಸ್ ಸ್ಕ್ರೂ, ಎರಡೂ ಕಡೆ ಸಮವಾದರೆ ಬ್ರಿಜ್ಜು ತೇಲುತ್ತದೆ, ಅದರ ಸಲಾಕೆಯನ್ನು ಹಿಡಿದು ಒತ್ತಿದರೆ ಸ್ವರ ಜಾರುತ್ತದೆ, ಬಿಟ್ಟರೆ ಮನೆಗೆ ಬರುತ್ತದೆ. ಈಗ ದಪ್ಪ ತಂತಿಗಳು ಗೆದ್ದಿವೆ, ಬ್ರಿಜ್ಜು ಬಾಲ ಎತ್ತಿಕೊಂಡು ನಿಂತಿದೆ, ಸಲಾಕೆ ಮುಟ್ಟಿದರೆ ಹೋದ ಸ್ವರ ವಾಪಸ್ಸೇ ಬರುವುದಿಲ್ಲ. ಸಲಾಕೆ ಇಲ್ಲದೆ ನುಡಿಸಬಹುದಲ್ಲ — ಬೇರೆ ಯಾವ ಹಾಡಾದರೂ ಸರಿ, ಇದಕ್ಕಾಗದು. ಶಾಲು ಬ್ಯಾಡ, ಹಾರ ಬ್ಯಾಡ, ನಮ್ಮವ್ವ ಜ್ವಾಳ ಬೀಸೂ ಮುಂದ ಹಾಡ್ತಿದ್ದ ಧಾಟಿ ಒಮ್ಮಿ ಕೇಳಸು, ಸಾಕು, ಎಂದು ಕೇಳಿಕೊಂಡವರು ಕರಿಬಸಪ್ಪನವರು. ಮೂರು ತಿಂಗಳು ಚಹಾದ ಹೊತ್ತಿಗೆ ಫರ್ನೇಸಿನ ಹಿಂದೆ ನಿಂತು ಗುನುಗಿ ಕಲಿಸಿದ್ದಾರೆ, ಅವರ ಕಂಠವೋ ಗ್ರೈಂಡಿಂಗ್ ವೀಲಿಗೆ ನೀರು ಬಿಟ್ಟ ಹಾಗೆ, ಆದರೂ ಸಾಲಿನ ಕೊನೆಗೆ ಬಂದಾಗ ಕಣ್ಣು ಮುಚ್ಚಿ, ಇಲ್ಲಿ ನೋಡವಾ, ಕಲ್ಲು ತಿರುಗತೈತಲ್ಲ, ಅವ್ವನ ದನಿ ಅದರ ಕೂಡ ಇಳದು ನಡುಗಿ ಮ್ಯಾಲ ಬರತಿತ್ತು, ಎಂದು ಗಾಳಿಯಲ್ಲಿ ಬೀಸುವ ಕಲ್ಲು ತಿರುಗಿಸುತ್ತಾರೆ. ಅವ್ವ ಹೋಗಿ ಮೂವತ್ತು ವರ್ಷ, ಆ ಧಾಟಿ ಈಗ ಇರುವುದು ಅವರ ತಲೆಯಲ್ಲಿ, ನನ್ನ ಬೆರಳಲ್ಲಿ, ಇನ್ನೆಲ್ಲೂ ಇಲ್ಲ. ನಾಳೆಯಿಂದ ಅವರು ಹಾವೇರಿಯ ಮಗಳ ಮನೆಯಲ್ಲಿ, ಇವತ್ತು ಕೆಟ್ಟರೆ ಕೆಟ್ಟಂತೆಯೇ.

ಅದೂ ಸಾಲದೆಂಬಂತೆ ನಿನ್ನೆಯ ಪಾಪ ಬೇರೆ. ಫೋರ್ಮನ್ ಆದಮೇಲೆ ಲೇತು ಬಿಟ್ಟವರು, ನಿನ್ನೆ ಕೊನೆಯ ಬಾರಿ ಎಂದು ಹಳೆಯ ಲೇತಿಗೆ ಕೂತು ತಮ್ಮ ಕೈಯಾರೆ ಇನ್ನೂರು ಸ್ಪ್ರಿಂಗು ಸುತ್ತಿದರು, ಹೊಲಿಗೆ ಯಂತ್ರಕ್ಕೆ ಹೋಗುವಂಥವು, ಬೆರಳುದ್ದ, ಎರಡೂ ತುದಿಗೆ ಕೊಕ್ಕೆ. ಅಳೆಯುವವಳು ನಾನು, ಹನ್ನೊಂದನ್ನು ರಿಜೆಕ್ಟ್ ಮಾಡಿದೆ, ಎರಡು ಮಿಲಿಮೀಟರ್ ಉದ್ದ, ಒಂದೊಂದಕ್ಕೂ ಕೆಂಪು ಬಣ್ಣದ ಚುಕ್ಕೆ ಇಟ್ಟು ಕೆಂಪು ಡಬ್ಬಕ್ಕೆ ಹಾಕಿದೆ, ಅವರು ನೋಡಿದರು, ಕೈ ತೊಳೆಯಲು ಹೋದರು, ತುಂಬಾ ಹೊತ್ತು ತೊಳೆದರು. ಪ್ಯಾಕಿಂಗಿನ ಹನುಮವ್ವ ಸುಮ್ಮನಿರುವವಳಲ್ಲ, ಕೊನೀ ದಿನಾನೂ ಬಿಡ್ಲಿಲ್ಲ ನೋಡಕ್ಕ ನೀ, ನಾಳೆ ಹೋಳಿಗಿಗೂ ಚುಕ್ಕಿ ಇಡ್ತಿ, ಅಂದಳು, ಎಲ್ಲರೂ ನಕ್ಕರು, ನಾನೂ ನಕ್ಕೆ, ರಾತ್ರಿ ಊಟ ಮಾತ್ರ ಸೇರಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವಾರವೂ, ಇವರಿನ್ನೂ ಲೇತಿನಲ್ಲಿದ್ದಾಗ, ಇವರ ಒಂದು ಲಾಟನ್ನೇ ಇಡಿಯಾಗಿ ತಿರಸ್ಕರಿಸಿದ್ದೆ, ಇವರು ಒಂದು ತಿಂಗಳು ಮಾತಾಡಿರಲಿಲ್ಲ, ಆಮೇಲೆ ಒಂದು ದಿನ ಬುತ್ತಿಯಿಂದ ಶೇಂಗಾ ಚಟ್ನಿ ತಂದು ನನ್ನ ಮೇಜಿನ ಮೇಲಿಟ್ಟು ಇದನ್ನೂ ಅಳದು ನೋಡವಾ ಎಂದಿದ್ದರು. ಆ ಮನುಷ್ಯನ ಕೊನೆಯ ಕೆಲಸಕ್ಕೆ ಹನ್ನೊಂದು ಕೆಂಪು ಚುಕ್ಕೆ. ಅಳತೆ ಅಳತೆಯೇ, ನಾನು ಇನ್ನೇನು ಮಾಡಬೇಕಿತ್ತು, ಆದರೂ — ಬೆರಳುದ್ದ, ಎರಡೂ ತುದಿಗೆ ಕೊಕ್ಕೆ. ತಡೆ. ಗಿಟಾರಿನ ಗೂಡಿನಲ್ಲಿ ಐದು ಸ್ಪ್ರಿಂಗಿಗೆ ಜಾಗವಿದೆ, ಇರುವುದು ಮೂರು, ಸ್ಕ್ರೂ ಬಿಗಿಮಾಡಲು ಆಗದಿದ್ದರೇನು, ಇನ್ನೊಂದು ಸ್ಪ್ರಿಂಗು ಸೇರಿಸಿದರೆ ಹಿಂದಿನ ಕಡೆಗೆ ಬಲ ಬರುತ್ತದೆ, ಪಾಸಾದವೆಲ್ಲ ನಿನ್ನೆ ಸಂಜೆಯೇ ಲಾರಿ ಹತ್ತಿವೆ, ಉಳಿದಿರುವುದು — ಬಾಗಿಲ ಮೂಲೆಯ ಆ ಕೆಂಪು ಡಬ್ಬಕ್ಕೆ ಒಂದು ಹೂವೂ ಇಲ್ಲ, ವಿಭೂತಿಯೂ ಇಲ್ಲ, ಗುಜರಿಗೆ ಯಾರು ಪೂಜೆ ಮಾಡುತ್ತಾರೆ, ಮುಟ್ಟಿದರೆ ಯಾವ ದೇವರೂ ಕೇಳುವುದಿಲ್ಲ.

ಹನ್ನೊಂದೂ ಕಾಲು, ತಂತಿಗಳನ್ನು ಕೈಯಲ್ಲೇ ಸಡಿಲಿಸುತ್ತಿದ್ದೇನೆ, ಬೆನ್ನಿನ ಮುಚ್ಚಳ ಎಂದೋ ತೆಗೆದು ಮರೆತಿದ್ದು ಒಳ್ಳೆಯದೇ ಆಯಿತು, ಸೋಮಾರಿತನಕ್ಕೂ ಒಂದು ಕಾಲ ಬರುತ್ತದೆ. ಕೆಂಪು ಡಬ್ಬದಿಂದ ತಂದ ಸ್ಪ್ರಿಂಗಿನ ಒಂದು ಕೊಕ್ಕೆ ಬ್ರಿಜ್ಜಿನ ತೂತಿಗೆ ಸಲೀಸಾಗಿ ಹೋಯಿತು, ಇನ್ನೊಂದು ಗೂಡಿನ ಎದುರು ತುದಿಯ ಹಲ್ಲಿಗೆ ಎಟುಕುವುದಿಲ್ಲ, ಎಳೆದರೆ ಬೆರಳು ಕತ್ತರಿಸುತ್ತದೆ, ಏನಕ್ಕ ಹೆರಿಗಿ ಮಾಡಸಾಕ ಕುಂತಿಯೇನು, ಎಂದು ಹನುಮವ್ವ ಬಗ್ಗಿ ನೋಡಿ, ಚೆಂಡು ಹೂವಿನ ಹಾರ ಕಟ್ಟಿ ಮಿಕ್ಕ ದಾರವನ್ನು ಎರಡೆಳೆ ಮಾಡಿ ಕೊಟ್ಟಳು, ಕೊಕ್ಕೆಗೆ ದಾರ ಪೋಣಿಸಿ ಇಬ್ಬರೂ ಹಿಡಿದು ಎಳೆದೆವು, ಕಟ್ ಎಂದು ಕೂತಿತು. ಎರಡು ಮಿಲಿಮೀಟರ್ ಕಡಿಮೆ ಇದ್ದಿದ್ದರೆ ಎಟುಕುತ್ತಲೇ ಇರಲಿಲ್ಲ. ಈಗ ಶ್ರುತಿ, ಒಂದು ತಂತಿ ಬಿಗಿದರೆ ಮಿಕ್ಕ ಐದು ಇಳಿಯುತ್ತವೆ, ಒಬ್ಬ ಸೊಸೆಗೆ ಸೀರೆ ತಂದರೆ ಉಳಿದವರು ಮುನಿಸಿಕೊಳ್ಳುವ ಮನೆಯ ಹಾಗೆ, ಮತ್ತೆ ಮೊದಲಿಂದ, ಮತ್ತೆ, ಏಳನೆಯ ಸುತ್ತಿಗೆ ಎಲ್ಲರೂ ಒಪ್ಪಿದರು, ಬ್ರಿಜ್ಜು ಬಾಲ ಇಳಿಸಿತು, ಸಲಾಕೆ ಒತ್ತಿದೆ, ಬಿಟ್ಟೆ, ಸ್ವರ ಮನೆಗೆ ಬಂತು.

ನುಡಿಸಿದೆ. ಮೊದಲ ಸಾಲು ಸ್ವಲ್ಪ ಅವಸರವಾಯಿತು, ಹೋಗಲಿ, ಸಾಲಿನ ಕೊನೆಗೆ ಸಲಾಕೆ ಒತ್ತಿದಾಗ ಸ್ವರ ಇಳಿದು, ನಡುಗಿ, ಮೇಲೆ ಬಂತು, ಕರಿಬಸಪ್ಪನವರ ಬಲಗೈ ಮೊಣಕಾಲ ಮೇಲೆ ತಾನಾಗಿಯೇ ಸುತ್ತು ಹಾಕುತ್ತಿತ್ತು, ಕಲ್ಲು ತಿರುಗಿಸುವ ಹಾಗೆ, ಕೊನೆಯವರೆಗೂ ನಿಲ್ಲಲಿಲ್ಲ. ಮುಗಿದ ಮೇಲೆ ಹತ್ತಿರ ಬಂದು, ಸ್ಕ್ರೂಡ್ರೈವರಿಲ್ಲದ ಹೆಂಗ ಸರಿ ಮಾಡಿದಿ, ಅಂದರು. ಗಿಟಾರು ಬೋರಲು ಮಾಡಿ ತೋರಿಸಿದೆ. ಫೋರ್ಮನ್ನಿನ ಕಣ್ಣಿಗೆ ಹೇಳಬೇಕೇ, ನಾಲ್ಕನೆಯದರ ಮೇಲೆಯೇ ನಿಂತಿತು. ಇದು ನಂದಲ್ಲೇನವಾ. ಹೌದು ಸಾರ್, ನಿಮ್ಮದೇ. ಉದ್ದ ಆಗಿತ್ತಂತಲ್ಲ. ಇದಕ್ಕೆ ಸರಿಯಾಗಿದೆ ಸಾರ್. ನನಗೆ ನಾಚಿಕೆಯಾಗಿ ಉಗುರಿನಿಂದ ಆ ಚುಕ್ಕೆಯನ್ನು ಕೆರೆಯಲು ಹೋದೆ, ಅಳಿಸಬ್ಯಾಡ, ಇರ್ಲಿ, ಎಂದು ನನ್ನ ಕೈ ಹಿಡಿದರು, ತಟ್ಟೆಯಿಂದ ವಿಭೂತಿ ತಂದು ಗಿಟಾರಿನ ಬೆನ್ನಿಗೆ ಮೂರು ಗೆರೆ ಎಳೆದರು, ಕುಂಕುಮ ಇಡಲಿಲ್ಲ. ಇನ್ನೊಮ್ಮಿ ಬಾರಸಕ್ಕ, ಹನುಮವ್ವ ಕೂಗುತ್ತಿದ್ದಾಳೆ. ಪೂಜಿ ಆತಲ್ಲ, ನಾಳೆ ತನಕ ಯಾರೂ ಮುಟ್ಟಂಗಿಲ್ಲ, ಎಂದು ಅವರೇ ಗಿಟಾರನ್ನು ಎತ್ತಿ ಪಂಚೆಯ ಮೇಲೆ ಸ್ಕ್ರೂಡ್ರೈವರಿನ ಪಕ್ಕ ಬೋರಲು ಮಲಗಿಸಿದರು, ಶೆಡ್ಡೆಲ್ಲ ನಗುತ್ತಿದೆ, ಅವರು ನಗುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಾರೆ, ಹೋಳಿಗೆಯ ತಟ್ಟೆ ನನ್ನ ಕೈಗೆ ಬಂದಿದೆ, ತಿನ್ನಬೇಕು, ಮುಟ್ಟುವ ಹಾಗಿಲ್ಲ ಆದರೆ ನೋಡಬಹುದು, ನೋಡುತ್ತಿದ್ದೇನೆ, ಮೂರು ಗೆರೆಯ ಕೆಳಗೆ, ಗೂಡಿನೊಳಗೆ, ಇನ್ನೂ ಸಣ್ಣಗೆ ನಡುಗುತ್ತಿರುವ ಕೆಂಪು ಚುಕ್ಕೆ