ಕೈ ಎತ್ತಿ

ಚಪ್ಪಲಿ ಕಾರ್ಖಾನೆಯ ಕತ್ತರಿಸುವ ವಿಭಾಗದಲ್ಲಿ ಹುಟ್ಟಿದ ಮಾತು ಅದು. ಅಲ್ಲಿ ಒಬ್ಬರು ಅಚ್ಚಿನ ಕೆಳಗೆ ರಬ್ಬರ್ ಹಾಳೆ ಸರಿಸುತ್ತಾರೆ, ಇನ್ನೊಬ್ಬರು ಪೆಡಲ್ ತುಳಿಯುತ್ತಾರೆ. ತುಳಿಯುವ ಮುಂಚೆ ‘ಕೈ ಎತ್ತಿ’ ಎಂದು ಕೂಗಬೇಕು. ಕೂಗು ಕೇಳಿದ್ದೇ ತಡ, ಎದುರಿನವರ ಎರಡೂ ಕೈ ಮೆಷಿನ್ನಿನಿಂದ ಹೊರಗೆ ಬರಬೇಕು. ಬಾರದಿದ್ದರೆ ಅಟ್ಟೆಯ ಜೊತೆ ಬೆರಳೂ ತುಂಡಾಗುತ್ತದೆ. ಬರಬರುತ್ತಾ ಕೆಲಸ ನಿಲ್ಲಿಸುವುದಕ್ಕೆಲ್ಲ ಅದೇ ಮಾತಾಯಿತು. ಊಟದ ಹೊತ್ತಿಗೂ ‘ಕೈ ಎತ್ರಪ್ಪಾ, ಹಸಿವಾಗ್ತಿದೆ’ ಎನ್ನುವರು. ಹೊರಗಿನ ಲೋಕದಲ್ಲಿ ಕೈ ಎತ್ತುವುದೆಂದರೆ ಹೊಡೆಯುವುದು ಎಂಬುದು ಆ ಜನಕ್ಕೆ ಮರೆತೇ ಹೋಗಿತ್ತು.

ಅಕ್ಕನಿಗೂ ಮರೆತಿತ್ತು. ಕಾರ್ಖಾನೆಗೆಲ್ಲ ಅವಳು ಅಕ್ಕ, ಆದರೆ ಒಡಹುಟ್ಟಿದ ತಮ್ಮ ಒಬ್ಬನೇ, ಕಾರ್ಮಿಕರ ಸಂಘದ ಅಧ್ಯಕ್ಷ. ಗಂಟಲು ದೊಡ್ಡದಾದ್ದರಿಂದ ಎಲ್ಲರ ಬಾಯಲ್ಲೂ ಅವನು ಮೈಕು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳೂ ಇವಳೇ, ಕಾರ್ಖಾನೆಗೆ ಸೇರಿಸಿದವಳೂ ಇವಳೇ.

ಆ ಮೆಷಿನ್ನಿನ ಮುಂದೆ ಕೈ ಒಳಗೆ ಹೋಗದಂತೆ ಇದ್ದ ಕಬ್ಬಿಣದ ತಡೆಯನ್ನು, ಕೆಲಸ ನಿಧಾನವಾಗುತ್ತದೆಂದು ಮಾಲೀಕರು ಕಿತ್ತುಹಾಕಿಸಿದ್ದರು. ಮತ್ತೆ ಹಾಕಿಸಿ ಎಂದು ಕೇಳಿ ಕೇಳಿ ಬಾಯಿ ಒಣಗಿ, ಮೈಕು ಗೇಟಿನ ಮುಂದೆ ಸ್ಟೂಲ್ ಹತ್ತಿ ಮಾತಾಡಿದ. “ನಾಳೆ ಮಧ್ಯಾಹ್ನ ಮ್ಯಾನೇಜರ್ ಎದುರಿಗೇ ಎಲ್ಲರೂ ಕೈ ಎತ್ತಿ. ಯಾರೂ ಹೆದರಬೇಡಿ.” ಅಷ್ಟೇ. ಕಲ್ಲು ಹಾರಲಿಲ್ಲ, ಬೈಗುಳ ಕೇಳಲಿಲ್ಲ. ಸಂಜೆಯೇ ಪೊಲೀಸರು ಅವನನ್ನೂ ಸಂಘದ ಕಾರ್ಯದರ್ಶಿಯನ್ನೂ ಜೀಪಿಗೆ ಹತ್ತಿಸಿದರು. ಮ್ಯಾನೇಜರ್‌ಗೆ ಹೊಡೆಯಲು ಜನರನ್ನು ಎತ್ತಿಕಟ್ಟಿದರು ಎಂಬುದು ಆರೋಪ.

ಆರೋಪ ಕೇಳಿ ಅಕ್ಕನಿಗೆ ನಗು ಬಂತು. ಇಷ್ಟೇ ತಾನೇ, ತಿಳಿಯದವರಿಗೆ ತಿಳಿಸಿ ಹೇಳಿದರಾಯಿತು. ಸಂಘದ ವಕೀಲರು ಬೇರೆ ಊರಿನಲ್ಲಿದ್ದರು, ಬರುವುದು ಮರುದಿನ ಸಂಜೆ. ಅಲ್ಲಿಯವರೆಗೆ ಕಾಯುವ ತಾಳ್ಮೆ ಯಾರಿಗಿತ್ತು? ಬೆಳಗಾಗುತ್ತಲೇ ಠಾಣೆಗೆ ಹೋದಳು.

ಅಧಿಕಾರಿಯ ಮಾತು ಬೆಣ್ಣೆಯಿಂದ ಕೂದಲು ತೆಗೆದ ಹಾಗಿತ್ತು.

“ಕೂತ್ಕೊಳ್ಳಿ ಅಮ್ಮಾ. ನಿಮ್ಮ ತಮ್ಮ ಆ ಮಾತು ಅಂದಿದ್ದು ನಿಜಾನಾ?”

“ನಿಜ ಸಾರ್. ನಾನೇ ಮುಂದೆ ನಿಂತು ಕೇಳಿದೀನಿ.”

“ಕೈ ಎತ್ತಿ ಅಂತಾನೇ?”

“ಅದೇ ಮಾತು. ಹಾಗಂದ್ರೆ ಮೆಷಿನ್ನಿಂದ ಕೈ ತೆಗೀರಿ ಅಂತ. ಬೇಕಾದ್ರೆ ನಮ್ಮೋರು ಯಾರನ್ನಾದ್ರೂ ಕೇಳಿ.”

“ಕೇಳೋಣ, ಅದಕ್ಕೇನಂತೆ. ಎಲ್ಲರನ್ನೂ ಕರ್ಕೊಂಡು ಬನ್ನಿ.”

ಅಕ್ಕ ಮನೆ ಮನೆ ಬಾಗಿಲು ಬಡಿದಳು. ಸಂಘದ ಸಭೆ ಎಂದರೆ ತಲೆನೋವು, ಹೊಟ್ಟೆನೋವು ಎಂದು ಮುಸುಕು ಹೊದೆಯುತ್ತಿದ್ದವರೆಲ್ಲ ಎದ್ದು ಬಂದರು. ಮ್ಯಾನೇಜರ್‌ನ ಬಾಲ ಎಂದು ಹೆಸರಾಗಿದ್ದ, ಅಟ್ಟೆಗೆ ಅಂಟು ಬಳಿಯುವ ಮುದುಕನೂ ಬಂದ. “ನಮ್ಮ ಬೆರಳಿಗೋಸ್ಕರ ಆ ಹುಡುಗ ಒಳಗೆ ಹೋಗಿದಾನೆ. ನಾನು ಮನೇಲಿ ಕೂತ್ರೆ ಉಂಡಿದ್ದು ಮೈಗೆ ಹತ್ತುತ್ತಾ?” ಎಂದ. ಒಬ್ಬೊಬ್ಬರೇ ಒಳಗೆ ಹೋಗಿ, ಹೌದು ಅಂದ, ನಾವು ಕೇಳಿದೆವು ಎಂದು ಎದೆತಟ್ಟಿ ಹೇಳಿದರು. ಅರ್ಥ ವಿವರಿಸಲು ಹೋದರೆ, ಅದನ್ನೆಲ್ಲ ಕೋರ್ಟಿನಲ್ಲಿ ಹೇಳಿ ಎಂದು ಅಧಿಕಾರಿ ನಯವಾಗಿಯೇ ತಡೆದ. ಬರೆದದ್ದನ್ನು ಓದಿ ಹೇಳಿದಾಗ ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಎಲ್ಲರೂ ರುಜು ಹಾಕಿದರು.

ಸಂಜೆ ಬಂದ ವಕೀಲರು ಕೇಳಿ ತಲೆಯ ಮೇಲೆ ಕೈ ಹೊತ್ತು ಕೂತರು. “ಅವರ ಹತ್ತಿರ ಇದ್ದಿದ್ದು ವಾಚ್‌ಮನ್ ಒಬ್ಬನ ಮಾತು ಕಣಮ್ಮಾ. ಅವನಿಗೆ ಕಿವಿನೂ ಸರಿಯಾಗಿ ಕೇಳಲ್ಲ. ಕೇಸು ನಿಲ್ತಾನೇ ಇರ್ಲಿಲ್ಲ. ಈಗ ಇಡೀ ಕಾರ್ಖಾನೆ ಸಾಕ್ಷಿ.”

“ನಾವು ನಿಜಾನೇ ಹೇಳಿದ್ವಲ್ಲ ಸಾರ್.”

“ಅರ್ಧ ಬರ್ಕೊಂಡಿದಾರೆ. ಇನ್ನು ಜಾಮೀನೂ ಸಿಗಲ್ಲ. ವರ್ಷಗಟ್ಟಲೆ ಆಗಬಹುದು.”

ಕೊಡಲಿ ಕಾವು ಕುಲಕ್ಕೆ ಸಾವು ಎಂಬ ಗಾದೆಯನ್ನು ಅಕ್ಕ ಬೇರೆಯವರ ಮೇಲೆ ಎಷ್ಟೋ ಸಲ ಆಡಿದ್ದಳು. ನಾಲಿಗೆ ಕಿತ್ತುಕೊಳ್ಳಬೇಕು ಅನ್ನಿಸಿತು.

ಜೈಲಿನಲ್ಲಿ ಮೈಕುವನ್ನು ನೋಡಲು ಬಿಟ್ಟಾಗ ನಡುವೆ ಜಾಲರಿ ಇತ್ತು. ಅಕ್ಕ ಶುರು ಮಾಡುವ ಮೊದಲೇ ಅವನು ಕೇಳಿದ.

“ಎಲ್ಲರೂ ಠಾಣೆಗೆ ಬಂದಿದ್ರಂತೆ?”

“ಎಲ್ಲರೂ.”

“ಅಂಟಿನ ತಾತನೂ?”

“ಅವನೂ ಬಂದಿದ್ದ ಕಣೋ.”

ಅವನು ನಕ್ಕ. ಬಡ್ಡಿಮಗಂದು, ಇಷ್ಟು ವರ್ಷ ಗಂಟಲು ಹರಿದುಕೊಂಡರೂ ಒಟ್ಟಾಗದ ಜನ ಈಗ ಒಟ್ಟಾದರಲ್ಲ ಎಂದ. ಆಗ ಅಕ್ಕ ತಡೆಯಲಾರದೆ ವಕೀಲರು ಹೇಳಿದ್ದನ್ನೆಲ್ಲ ಹೇಳಿ, ನಿನ್ನನ್ನು ನಾನೇ ಬಾವಿಗೆ ತಳ್ಳಿದೆ ಎಂದು ಅತ್ತಳು. ಮೈಕು ಜಾಲರಿ ಹಿಡಿದುಕೊಂಡ. ಮುಖ ಬಿಳಿಚಿಕೊಂಡಿತ್ತು. ಅವನಿಗೆ ಭಯವಾಗಿರುವುದು ಅವಳಿಗೆ ಕಂಡಿತು.

“ನಮ್ಮೋರಿಗೆ ಗೊತ್ತಾ ಇದು?” ಎಂದ.

“ಇಲ್ಲ. ಹೊರಗೆ ಕಾಯ್ತಾ ಇದಾರೆ.”

“ಹೇಳಬೇಡ ಅಕ್ಕಾ. ತಮ್ಮ ಬಾಯಿಂದಲೇ ಹೀಗಾಯ್ತು ಅಂತ ಗೊತ್ತಾದ್ರೆ ಇನ್ನು ಜನ್ಮದಲ್ಲಿ ಒಬ್ಬರೂ ಬಾಯಿ ಬಿಡಲ್ಲ. ನನ್ನಾಣೆ, ಹೇಳಬೇಡ.”

ಗೇಟಿನ ಹೊರಗೆ ಬೀದಿ ತುಂಬ ಅವರೇ ನಿಂತಿದ್ದರು. ಅಕ್ಕ ಕಣ್ಣೊರೆಸಿಕೊಂಡು ಬರುತ್ತಿದ್ದಂತೆ ಸುತ್ತ ಮುತ್ತಿದರು. ಅಂಟಿನ ಮುದುಕ ಎಲ್ಲರನ್ನೂ ಸರಿಸಿ ಮುಂದೆ ಬಂದ.

“ಏನಾಯ್ತಮ್ಮಾ? ನಾವು ಹೇಳಿದ್ದು ಏನಾದ್ರೂ ಕೆಲಸಕ್ಕೆ ಬಂತಾ?”

“ಬಂತು ತಾತ,” ಎಂದಳು ಅಕ್ಕ. “ಎಲ್ಲರ ಮಾತೂ ಕೆಲಸಕ್ಕೆ ಬಂತು.”